ಕೊಟ್ಟ ಜಾಗ, ಬಿಟ್ಟ ಜಾಗ

ಬ್ಯಾಡಗಿ ಸ್ಟೇಷನ್ನಿನಲ್ಲಿ ಸಂಜೆ ರೈಲು ಹತ್ತಿದರೆ ಬೆಂಗಳೂರು ಕಾಣಿಸುತ್ತಿದ್ದದ್ದು ಬೆಳಗಿನ ಜಾವಕ್ಕೆ. 1981ರ ಜೂನ್ ತಿಂಗಳು. ಆಗಿನ್ನೂ ಮೀಟರ್ ಗೇಜ್ ಹಳಿ. ಹಂಸಭಾವಿಯಿಂದ ಬಸ್ಸಿನಲ್ಲಿ ಬ್ಯಾಡಗಿಗೆ ಬಂದು, ಮೆಣಸಿನಕಾಯಿ ಘಾಟು ಮೂಗಿನಿಂದ ಇಳಿಯುವ ಮೊದಲೇ ಗಾಡಿ ಹತ್ತಿದ್ದೆವು, ನಾನು ಮತ್ತು ಅಪ್ಪ. ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಅಂಕ ಬಂದಿದ್ದವು. ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿಗೆ ಅರ್ಜಿ ಹಾಕಿಸಿದ್ದು ನಮ್ಮ ಗಣಿತದ ಮಾಸ್ತರರು. ಅಪ್ಪ ಹುಬ್ಬಳ್ಳಿಯ ಆಚೆ ಕಂಡವನಲ್ಲ. ಆ ವರ್ಷದ ಮೆಣಸಿನಕಾಯಿ ರೊಕ್ಕವನ್ನು ಅಂಗಿಯ ಒಳಜೇಬಿನಲ್ಲಿಟ್ಟು, ಅವ್ವನ ಕೈಯಿಂದ ಅದರ ಬಾಯಿಗೆ ಹೊಲಿಗೆ ಹಾಕಿಸಿಕೊಂಡಿದ್ದ.

ರಾತ್ರಿಯಿಡೀ ಅಪ್ಪ ಮಲಗಲಿಲ್ಲ. ರಾಣೆಬೆನ್ನೂರು, ಹರಿಹರ, ದಾವಣಗೆರೆ, ಬೀರೂರು, ಅರಸೀಕೆರೆ ಎಂದು ಬಂದ ಬಂದ ಸ್ಟೇಷನ್ನುಗಳ ಹೆಸರನ್ನು ಕಿಟಕಿಗೆ ಮುಖ ಕೊಟ್ಟು ಓದುತ್ತಲೇ ಇದ್ದ. ತಿಪಟೂರು ದಾಟಿದ ಮೇಲೆ ಒಂದು ಸಣ್ಣ ಸ್ಟೇಷನ್ನಿನಲ್ಲಿ ಗಾಡಿ ನಿಂತಿತು. ಮಂದ ದೀಪದ ಕೆಳಗೆ ಹಳದಿ ಬೋರ್ಡು: ಗುಬ್ಬಿ. "ಗುಬ್ಬಿ ವೀರಣ್ಣನ ಊರು," ಎಂದ ಅಪ್ಪ. ನಾಟಕದ ಹುಚ್ಚಿನವನು, ಅಷ್ಟು ಗೊತ್ತಿತ್ತು. ಇನ್ನು ಕೆಲವೇ ಗಂಟೆಗಳಲ್ಲಿ ನಾವು ತಲೆ ಊರಲಿದ್ದ ಜಾಗ ಅದೇ ಊರಿನ ಇನ್ನೊಬ್ಬನದು ಎಂಬುದು ನಮ್ಮಿಬ್ಬರಿಗೂ ಗೊತ್ತಿರಲಿಲ್ಲ.

ಸ್ಟೇಷನ್ನಿನಿಂದ ಹೊರಗೆ ಕಾಲಿಟ್ಟಾಗ ಇನ್ನೂ ಕತ್ತಲು. ಮಳೆ ಬಂದು ನಿಂತಿತ್ತು. ಎದುರಿಗೆ ಬಸ್ಸುಗಳ ಸಾಲು, ಆಟೋದವರ ಕೂಗು. ಅಪ್ಪ ನನ್ನ ಟ್ರಂಕನ್ನು ಹೆಗಲ ಮೇಲಿಟ್ಟುಕೊಂಡು ಹಾಗೇ ನಿಂತುಬಿಟ್ಟ. ಆ ನಿಲುವು ನನಗೆ ಈಗಲೂ ಕಣ್ಣಿಗೆ ಕಟ್ಟಿದೆ. ಊರಲ್ಲಿ ಎತ್ತಿನ ಜೋಡಿಗೆ ಬೆಲೆ ಕಟ್ಟಲು ಜನ ಕರೆದೊಯ್ಯುತ್ತಿದ್ದ ಮನುಷ್ಯ ಎಲ್ಲಿಗೆ ಹೋಗಬೇಕೆಂದು ತಿಳಿಯದೆ ನಿಂತಿದ್ದ. ಚಹಾದಂಗಡಿಯವನನ್ನು ಕೇಳಿದಾಗ ಅವನು ಲೋಟ ತೊಳೆಯುತ್ತಲೇ ಗಲ್ಲ ಎತ್ತಿ ತೋರಿಸಿದ: "ಅಲ್ಲೇ ಇದೆಯಲ್ಲ, ತೋಟದಪ್ಪನ ಛತ್ರ. ಹೋಗಿ ಕೇಳಿ."

ರಸ್ತೆ ದಾಟಿದರೆ ಛತ್ರ. ಹೆಸರು, ಊರು ಬರೆದುಕೊಂಡರು. ಒಂದು ಖೋಲಿ ತೋರಿಸಿದರು. ನೆಲ ತಣ್ಣಗಿತ್ತು. ಅಪ್ಪ ಟ್ರಂಕು ಇಳಿಸಿ, ಗೋಡೆಗೆ ಬೆನ್ನು ಕೊಟ್ಟು ಕೂತವನು ಎರಡು ನಿಮಿಷದಲ್ಲಿ ನಿದ್ದೆ ಹೋದ. ರಾತ್ರಿಯಿಡೀ ಒಳಜೇಬಿನ ಮೇಲಿದ್ದ ಕೈ ಸಡಿಲಾಗಿ ಮಡಿಲಿಗೆ ಬಿತ್ತು.

ಎದ್ದ ಮೇಲೆ ಅವನು ಆಡಿದ ಮಾತು ಇದು: "ತಮ್ಮಾ, ಈ ಮನಿಷಾ ಜಾಗಾ ಕೊಟ್ಟದ್ದು ದೊಡ್ಡದಲ್ಲ. ಎಲ್ಲಿ ಕೊಟ್ಟಾನ ನೋಡು."

ಹದಿನಾರು ವರ್ಷದ ನನಗೆ ಆ ಮಾತು ಬರಿಯ ಮಾತಾಗಿ ಕೇಳಿಸಿತ್ತು. ಮುಂದೆ ನನ್ನ ಇಡೀ ಬದುಕು ಜಾಗ ಕೊಳ್ಳುವುದು, ಅಳೆಯುವುದು, ತುಂಡು ಮಾಡಿ ಮಾರುವುದು ಇದರಲ್ಲೇ ಕಳೆಯಿತು. ಈ ಕಸುಬಿನಲ್ಲಿ ನಾನು ಕಲಿತದ್ದರಲ್ಲಿ ಆ ಮಾತಿಗಿಂತ ಮಿಗಿಲಾದದ್ದು ಇಲ್ಲ.

ಪಾಲಿಟೆಕ್ನಿಕ್ಕಿನಲ್ಲಿ ಸಿವಿಲ್ ಡಿಪ್ಲೊಮಾಕ್ಕೆ ಸೀಟು ಸಿಕ್ಕಿತು. ಅರ್ಜಿ ಕೊಟ್ಟು, ಅಂಕಪಟ್ಟಿ ತೋರಿಸಿ, ಆ ಛತ್ರ ನಡೆಸುವ ಧರ್ಮಸಂಸ್ಥೆಯದೇ ಉಚಿತ ವಿದ್ಯಾರ್ಥಿ ನಿಲಯದಲ್ಲಿ ಒಂದು ಜಾಗವನ್ನೂ ಪಡೆದೆ. ಮೂರು ವರ್ಷ ಬಾಡಿಗೆ ಎಂದು ಒಂದು ಪೈ ಕೊಟ್ಟವನಲ್ಲ. ನನ್ನ ಜೊತೆಗಿದ್ದವರು ಬೀದರ್ ಕಡೆಯವರು, ತಿಪಟೂರಿನವರು, ಚಾಮರಾಜನಗರದವರು. ಒಬ್ಬೊಬ್ಬರ ಕನ್ನಡವೂ ಒಂದೊಂದು ಥರ. ನಾನು "ಹೌದಲ್ರಿ" ಎಂದರೆ ಚಾಮರಾಜನಗರದವನು ನಗುತ್ತಿದ್ದ. ಅವನು "ಕನಾ" ಎಂದರೆ ನಾನು ನಗುತ್ತಿದ್ದೆ. ರಾತ್ರಿ ಒಂದೇ ಬಲ್ಬಿನ ಕೆಳಗೆ ಎಲ್ಲರೂ ಓದುತ್ತಿದ್ದೆವು.

ಗುಬ್ಬಿ ತೋಟದಪ್ಪನವರ ಬದುಕನ್ನು ನಾನು ತುಣುಕು ತುಣುಕಾಗಿ ಕೇಳಿ, ಓದಿ ತಿಳಿದುಕೊಂಡದ್ದು ಆ ಮೂರು ವರ್ಷಗಳಲ್ಲಿ. 1838ರಲ್ಲಿ ಗುಬ್ಬಿಯಲ್ಲಿ ಹುಟ್ಟಿದವರು. ಚಿಕ್ಕ ವಯಸ್ಸಿಗೇ ಬೆಂಗಳೂರು ಪೇಟೆಗೆ ಬಂದು ಮಾಮೂಲುಪೇಟೆಯಲ್ಲಿ ಮನೆತನದ ವ್ಯಾಪಾರ ಹಿಡಿದರು. ವ್ಯಾಪಾರ ಕೈಹತ್ತಿತು. ಮಕ್ಕಳಾಗಲಿಲ್ಲ. ಆ ಕಾಲದ ಸಾಹುಕಾರನೊಬ್ಬನಿಗೆ ಮಕ್ಕಳಿಲ್ಲದಿದ್ದರೆ ಸಾಮಾನ್ಯವಾಗಿ ಇದ್ದದ್ದು ಎರಡು ದಾರಿ: ದತ್ತು ತಗೊಳ್ಳುವುದು, ಇಲ್ಲವೇ ಗುಡಿ ಕಟ್ಟಿಸುವುದು. ತೋಟದಪ್ಪನವರು 1897ರಲ್ಲಿ ರೈಲು ನಿಲ್ದಾಣದ ಮಗ್ಗುಲಲ್ಲಿ ರೈಲ್ವೆಯವರಿಂದ ಜಾಗ ಕೊಂಡರು.

ಪ್ಲಾಟಿನ ಕಸುಬಿನವನಾಗಿ ನನಗೆ ಆ ಖರೀದಿಯನ್ನು ನೆನೆದರೆ ಇವತ್ತಿಗೂ ಮೈ ನವಿರೇಳುತ್ತದೆ. ಆಗಿನ ಬೆಂಗಳೂರು ಎಂದರೆ ಪೇಟೆ. ದುಡ್ಡಿದ್ದವರ ಕಣ್ಣು ಇದ್ದದ್ದು ಪೇಟೆಯೊಳಗಿನ ಅಂಗಡಿಸಾಲಿನ ಮೇಲೆ. 1892ರಲ್ಲಿ ಚಾಮರಾಜಪೇಟೆ ಎದ್ದಿತ್ತು. ಅಳತೆ ಹಾಕಿ, ನೇರ ಬೀದಿ ಬಿಟ್ಟು, ಸೈಟು ಮಾಡಿ ಹಂಚುವುದು ಆಗಷ್ಟೇ ಶುರುವಾಗಿತ್ತು. ಪೇಟೆಯ ಪಡುವಣ ದಿಕ್ಕಿಗೆ ಧರ್ಮಾಂಬುಧಿ ಕೆರೆ. ಈಗ ಬಸ್ಸುಗಳು ಸಾಲಾಗಿ ನಿಲ್ಲುವ ಮೆಜೆಸ್ಟಿಕ್ಕಿನ ನಿಲ್ದಾಣ ಆ ಕೆರೆಯ ಅಂಗಳದಲ್ಲೇ ಇರುವುದು. ಕೆರೆಯ ಆಚೆ ರೈಲು. ಅಲ್ಲಿ ವ್ಯಾಪಾರಿಗೆ ಬೇಕಾದದ್ದು ಗೋದಾಮು. ತೋಟದಪ್ಪನವರೂ ವ್ಯಾಪಾರಿಯೇ, ರೈಲು ತರುವ ಸರಕಿನ ಬೆಲೆ ಬಲ್ಲವರು. ಆದರೆ ಅವರು ಆ ಜಾಗದಲ್ಲಿ ನಿಂತು ನೋಡಿದ್ದು ರೈಲಿನಿಂದ ಇಳಿದ ಮನುಷ್ಯನನ್ನು ಎಂದು ನನಗೆ ಅನಿಸುತ್ತದೆ. ಟ್ರಂಕು ಹೊತ್ತು, ಎಲ್ಲಿಗೆ ಹೋಗಬೇಕೆಂದು ತಿಳಿಯದೆ ನಿಂತ ಒಬ್ಬನನ್ನು.

ಜಾಗ ಕೊಂಡ ಮರುವರ್ಷ, 1898ರಲ್ಲಿ, ಬೆಂಗಳೂರಿಗೆ ಪ್ಲೇಗು ಬಂತು. ಬಂದದ್ದು ರೈಲಿನ ದಾರಿಯಲ್ಲೇ. ಪೇಟೆಯ ಮನೆಗಳು ಖಾಲಿಯಾದವು. ಊರಿಗೆ ಗಾಳಿ ಬೆಳಕು ಬೇಕೆಂದು ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬೆಳೆದದ್ದು ಆ ಭೀತಿಯ ಬೆನ್ನಿಗೆ. ರೈಲಿಳಿದು ಬಂದ ಪರಸ್ಥಳದವನನ್ನು ಊರು ಅನುಮಾನದಿಂದ ನೋಡುತ್ತಿದ್ದ ವರ್ಷಗಳು ಅವು. ಅಂಥ ಕಾಲದಲ್ಲಿ ರೈಲಿಳಿದು ಬಂದವನಿಗೇ ಎಂದು ಬಾಗಿಲು ಕಟ್ಟಿಸಿದ್ದು ಸಣ್ಣ ಧೈರ್ಯವಲ್ಲ. 1903ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಛತ್ರವನ್ನು ತೆರೆದರು. ಮಹಾರಾಜರು ಆಡಳಿತ ವಹಿಸಿಕೊಂಡು ಆಗಿನ್ನೂ ಒಂದು ವರ್ಷ ತುಂಬಿರಲಿಲ್ಲ. ತೋಟದಪ್ಪನವರಿಗೆ ಅರವತ್ತು ದಾಟಿತ್ತು. 'ಧರ್ಮಪ್ರವರ್ತ' ಎಂಬ ಬಿರುದನ್ನು ಅರಮನೆ ಕೊಟ್ಟಿತು, 'ರಾವ್ ಬಹದ್ದೂರ್' ಎಂಬುದನ್ನು ಬ್ರಿಟಿಷರು.

ಇಷ್ಟೇ ಆಗಿದ್ದರೆ ಅವರನ್ನು ಪುಣ್ಯವಂತರೆಂದು ನೆನೆದು ಸುಮ್ಮನಾಗಬಹುದಿತ್ತು. ಅವರ ಜಾಣತನ ಮುಂದಿನದರಲ್ಲಿದೆ. ಆಸ್ತಿಯನ್ನು ಧರ್ಮಸಂಸ್ಥೆಯ ಹೆಸರಿಗೆ ಮಾಡಿ, ಅದರ ಆಡಳಿತಕ್ಕೆ ಕೆ.ಪಿ. ಪುಟ್ಟಣ್ಣಚೆಟ್ಟಿಯವರಂಥ ಗಟ್ಟಿ ಮನುಷ್ಯನನ್ನು ತಾವು ಬದುಕಿದ್ದಾಗಲೇ ಹುಡುಕಿ ಕೂಡಿಸಿದರು. ಬೆಂಗಳೂರಿನ ಪುರಭವನಕ್ಕೆ ಹೆಸರಾಗಿ ನಿಂತಿರುವವರು ಅದೇ ಪುಟ್ಟಣ್ಣಚೆಟ್ಟಿ. 1910ರ ಫೆಬ್ರವರಿಯಲ್ಲಿ ತೋಟದಪ್ಪನವರು ತೀರಿಕೊಂಡರು. ಛತ್ರದ ಒಲೆ ಆರಲಿಲ್ಲ, ಹಾಸ್ಟೆಲಿನ ಬಾಗಿಲು ಮುಚ್ಚಲಿಲ್ಲ. ಎಪ್ಪತ್ತೊಂದು ವರ್ಷದ ಮೇಲೆ ಹಂಸಭಾವಿಯ ಒಬ್ಬ ರೈತನಿಗೆ ಅಲ್ಲಿ ನಿದ್ದೆ ಬಂತು.

ಅದೇ 1910ರಲ್ಲಿ ಬೆಂಗಳೂರು ಇನ್ನೊಬ್ಬ ದಾನಿಯನ್ನೂ ಕಳೆದುಕೊಂಡಿತ್ತು. ಪಾಲಿಟೆಕ್ನಿಕ್ಕಿನಿಂದ ನಾಲ್ಕು ಹೆಜ್ಜೆ ನಡೆದರೆ ಕೆಂಪು ಬಣ್ಣದ ಅಠಾರಾ ಕಚೇರಿ, ಈಗಿನ ಹೈಕೋರ್ಟು. ಸರ್ವೆ ಪ್ರಾಕ್ಟಿಕಲ್ಲಿಗೆ ಸರಪಳಿ ಹಿಡಿದು ಆ ಕಡೆ ಅಡ್ಡಾಡುವಾಗ ನಮ್ಮ ಮೇಷ್ಟ್ರು ಅದರ ಕಂಬಗಳನ್ನು ತೋರಿಸಿ, ಇದನ್ನು ಕಟ್ಟಿಸಿದ ಗುತ್ತಿಗೆದಾರ ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರ್ ಎಂದಿದ್ದರು. ಕಟ್ಟಡ 1868ರದು. ಗುತ್ತಿಗೆಯಲ್ಲಿ ಗಳಿಸಿದ ಆ ಮನುಷ್ಯ 1873ರಲ್ಲಿ ಬಡಮಕ್ಕಳಿಗೆ ಶಾಲೆ ತೆಗೆದ. ಆರ್‌ಬಿಎಎನ್‌ಎಂ ಶಾಲೆಗಳೆಂದು ದಂಡು ಪ್ರದೇಶದಲ್ಲಿ ಇವತ್ತಿಗೂ ನಡೆಯುತ್ತಿರುವವು ಅವೇ. ಇಟ್ಟಿಗೆ ಸುಣ್ಣದ ವ್ಯವಹಾರದವನು ಶಾಲೆ ಕಟ್ಟಬಹುದು ಎಂಬುದು ಇಪ್ಪತ್ತು ತುಂಬದ ಹುಡುಗರಾದ ನಮಗೆ ಹೊಸ ಸಂಗತಿ. ಮೇಷ್ಟ್ರು ಅದನ್ನು ಪಾಠದ ಹೊರಗೆ ಹೇಳಿದರು, ಅದಕ್ಕೇ ನೆನಪಿನಲ್ಲಿ ಉಳಿಯಿತು.

ನಮ್ಮ ಸೀಮೆಯ ಜನ ದಾನದ ಮಾತು ಬಂದಾಗ ಸಿರಸಂಗಿ ಲಿಂಗರಾಜರನ್ನು ನೆನೆಯುತ್ತಾರೆ. ನೆನೆಯಲೇಬೇಕು. ಶಿಗ್ಲಿಯಲ್ಲಿ ಹುಟ್ಟಿ ಸಿರಸಂಗಿಯ ದೇಸಗತಿಗೆ ದತ್ತಕ ಹೋದವರು. ಹಾನಗಲ್ಲ ಕುಮಾರಸ್ವಾಮಿಗಳ ಪ್ರೇರಣೆಯಿಂದ 1904ರಲ್ಲಿ ಧಾರವಾಡದಲ್ಲಿ ಸೇರಿದ ವೀರಶೈವ ಮಹಾಸಭೆಗೆ ಮೊದಲ ಅಧ್ಯಕ್ಷರು ಅವರೇ. 1906ರಲ್ಲಿ ತೀರಿಕೊಳ್ಳುವಾಗ ಇಡೀ ದೇಸಗತಿಯನ್ನು ಮಕ್ಕಳ ಓದಿಗೆಂದು ಮೃತ್ಯುಪತ್ರ ಬರೆದಿಟ್ಟರು. ಅಷ್ಟು ದೊಡ್ಡ ಎದೆ. ಆದರೆ ಮೃತ್ಯುಪತ್ರದ ದಾನ ಕೋರ್ಟು ಕಟ್ಟೆ ಹತ್ತಿತು. ವ್ಯಾಜ್ಯ ವರ್ಷಗಟ್ಟಲೆ ನಡೆದು ಆಮೇಲೆ ಟ್ರಸ್ಟು ನೆಲೆ ನಿಂತಿತು. ಕೊಡುವವನು ಕಣ್ಣೆದುರಿಗೇ ಕೊಟ್ಟು, ಅದು ನಡೆಯುವುದನ್ನು ನಾಲ್ಕು ದಿನ ನೋಡಿ ಹೋಗಬೇಕು ಎಂದು ನನಗೆ ಗಟ್ಟಿಯಾದದ್ದು ತೋಟದಪ್ಪನವರ, ಲಿಂಗರಾಜರ ಕಥೆಗಳನ್ನು ಅಕ್ಕಪಕ್ಕ ಇಟ್ಟುಕೊಂಡ ಮೇಲೆ.

ಡಿಪ್ಲೊಮಾ ಮುಗಿಸಿ ಊರ ಕಡೆ ಬಂದೆ. ಹತ್ತು ವರ್ಷ ಅವರಿವರ ಕೈಕೆಳಗೆ ಮೋಜಣಿ, ಕಟ್ಟಡದ ಉಸ್ತುವಾರಿ. 1997ರಲ್ಲಿ ಹಾವೇರಿ ಜಿಲ್ಲೆಯಾಯಿತು. ಧಾರವಾಡಕ್ಕೆ ಓಡುತ್ತಿದ್ದ ಕಚೇರಿಗಳೆಲ್ಲ ಹಾವೇರಿಗೆ ಬಂದವು, ನೌಕರರು ಬಂದರು, ಅವರಿಗೆ ಮನೆ ಬೇಕಾಯಿತು. ಊರ ಹೊರಗಿನ ಜೋಳದ ಹೊಲಗಳಿಗೆ ಒಮ್ಮೆಲೇ ಬೆಲೆ ಬಂತು. ತಮ್ಮನೂ ನಾನೂ ಸೇರಿ, ಇದ್ದಬದ್ದದ್ದನ್ನು ಒತ್ತೆಯಿಟ್ಟು, ನಾಲ್ಕು ಎಕರೆ ಹಿಡಿದೆವು.

ಹೊಲ ಪ್ಲಾಟಾಗುವ ದಾರಿ ದೂರದಿಂದ ನೋಡುವವರಿಗೆ ಸಲೀಸು ಕಾಣುತ್ತದೆ. ಮೊದಲು ಉತಾರ ತೆಗೆಸಿ, ಯಾರ ಹೆಸರು ಎಲ್ಲಿಂದ ಬಂತು ನೋಡಬೇಕು. ಅಣ್ಣತಮ್ಮಂದಿರ ಪಾಲು, ಅಕ್ಕತಂಗಿಯರ ಸಹಿ. ಸಂಚಕಾರ ಕೊಟ್ಟು ಕರಾರು. ಮೋಜಣಿ ಮಾಡಿಸಿ ಬಾಂದು ಕಲ್ಲು ಹುಡುಕಬೇಕು. ಹತ್ತರಲ್ಲಿ ಆರು ಕಲ್ಲು ಜಾಗದಲ್ಲಿ ಇರುವುದಿಲ್ಲ. ಕೃಷಿಯೇತರ ಬಳಕೆಗೆ ಎನ್‌ಎ ಆದೇಶ, ನಕ್ಷೆಗೆ ಮಂಜೂರಾತಿ, ರಸ್ತೆ, ಗಟಾರ, ಕರೆಂಟಿನ ಕಂಬ. ನಕ್ಷೆಯಲ್ಲಿ ಉದ್ಯಾನಕ್ಕೆ ಇಷ್ಟು, ಸಾರ್ವಜನಿಕ ಉಪಯೋಗಕ್ಕೆ ಇಷ್ಟು ಎಂದು ಕಾಯಿದೆ ಪ್ರಕಾರ ಬಿಡಲೇಬೇಕು. ಆ ಬಿಡುವ ಜಾಗ ಎಲ್ಲಿ ಎಂಬುದನ್ನು ನಕ್ಷೆ ಬರೆಯುವವನು ಗೊತ್ತು ಮಾಡುತ್ತಾನೆ. ನಕ್ಷೆ ಬರೆದವನು ನಾನೇ.

ನಾಲ್ಕು ಎಕರೆಯ ಈಶಾನ್ಯದಲ್ಲಿ ಒಂದು ತಗ್ಗಿತ್ತು. ಮಳೆಗಾಲದಲ್ಲಿ ಮೊಣಕಾಲು ನೀರು. ಅದನ್ನು ಯಾರೂ ಕೊಳ್ಳುತ್ತಿರಲಿಲ್ಲ. ಉದ್ಯಾನವನ್ನು ಅಲ್ಲಿ ತೋರಿಸಿದೆ. ಕಾಯಿದೆಗೆ ಸರಿ, ಅಳತೆಗೆ ಸರಿ. ರಸ್ತೆಗೆ ಮುಖವಿದ್ದ ಮೂಲೆ ಪ್ಲಾಟುಗಳು ಹೆಚ್ಚಿನ ಬೆಲೆಗೆ ಹೋದವು. ಸಾಲ ತೀರಿತು. 1999ರ ಶ್ರಾವಣದಲ್ಲಿ ಒಂದು ಮನೆಯ ಗೃಹಪ್ರವೇಶಕ್ಕೆ ಕರೆದಿದ್ದರು. ಊಟ ಮುಗಿಸಿ ಕಟ್ಟೆಯ ಮೇಲೆ ಕೂತಿದ್ದಾಗ, ಮನೆ ಯಜಮಾನನ ತಾಯಿ, ಎಂಬತ್ತರ ಹತ್ತಿರದ ಅಜ್ಜಿ, ಎಲೆ ಅಡಿಕೆ ಕೊಡುತ್ತ ಆ ತಗ್ಗಿನ ಕಡೆ ನೋಡಿದಳು. ಅದರ ತುಂಬ ನೀರು. ಎರಡು ಎಮ್ಮೆ ಬಿದ್ದುಕೊಂಡಿದ್ದವು. ಅಂಚಿನಲ್ಲಿ ಹುಡುಗರು ರಸ್ತೆಯ ಮೇಲೇ ಗೋಲಿ ಆಡುತ್ತಿದ್ದರು.

"ತಮ್ಮಾ, ಆ ಜಾಗಾ ಹುಡುಗರಿಗೆ ಅಂತ ಅಲ್ಲೇನು?"

"ಹೌದ್ರಿ ಅಜ್ಜಿ."

"ಹಂಗಾರ ಅದು ನೀ ಕೊಟ್ಟ ಜಾಗಾನೋ, ಬಿಟ್ಟ ಜಾಗಾನೋ?"

ಅಜ್ಜಿ ಸಿಟ್ಟಿನಿಂದ ಕೇಳಿರಲಿಲ್ಲ. ತಿಳಿಯದೆ ಕೇಳಿದಂತೆ ಕೇಳಿದಳು. ನನ್ನ ಬಾಯಿ ಕಟ್ಟಿತು. ಹದಿನೆಂಟು ವರ್ಷದ ಹಿಂದೆ ಛತ್ರದ ಖೋಲಿಯಲ್ಲಿ ಅಪ್ಪ ಆಡಿದ ಮಾತು ಆವಾಗ ನನಗೆ ತಟ್ಟಿತು. ತೋಟದಪ್ಪನವರು ತಮಗೆ ಬೇಡವಾದದ್ದನ್ನು ಕೊಟ್ಟಿರಲಿಲ್ಲ. ಊರಲ್ಲೇ ಎಲ್ಲಕ್ಕಿಂತ ಬೇಕಾಗುವ ಜಾಗ ಯಾವುದೆಂದು ಒಬ್ಬ ವ್ಯಾಪಾರಿಯ ಕಣ್ಣಿನಿಂದ ಹುಡುಕಿ, ಅದಕ್ಕೆ ದುಡ್ಡು ತೆತ್ತು, ಅದನ್ನು ಕೊಟ್ಟಿದ್ದರು. ನಾನು ಅವರ ಸೂರಿನ ಕೆಳಗೆ ಓದಿ, ಕಲಿತ ವಿದ್ಯೆಯನ್ನು ತಗ್ಗು ಹುಡುಕಲು ಬಳಸಿದ್ದೆ.

ಮುಂದಿನ ಬೇಸಿಗೆಯಲ್ಲಿ ತಗ್ಗಿಗೆ ಮಣ್ಣು ಹೊಡೆಸಿದೆ. ಇನ್ನೂರು ಟ್ರ್ಯಾಕ್ಟರ್ ಲೋಡು ಹಿಡಿಯಿತು. ನೀರು ಹರಿಯಲು ಸುತ್ತ ಗಟಾರ, ನಾಲ್ಕು ಬೇವು, ಎರಡು ಹೊಂಗೆ. ಅಜ್ಜಿ ಅದನ್ನು ನೋಡುವ ಮೊದಲೇ ಹೋಗಿಬಿಟ್ಟಿದ್ದಳು. ಆಮೇಲೆ ಮಾಡಿದ ಪ್ರತಿ ಬಡಾವಣೆಯಲ್ಲೂ ಉದ್ಯಾನವನ್ನು ನಡುಮಧ್ಯೆ ಬಿಟ್ಟು ಉಳಿದ ನಕ್ಷೆಯನ್ನು ಅದರ ಸುತ್ತ ಬರೆದೆ. ಇದರಿಂದ ಪ್ಲಾಟು ಎರಡೋ ಮೂರೋ ಕಡಿಮೆಯಾಗುತ್ತವೆ. ಹೊಟ್ಟೆಗೆ ಕಡಿಮೆಯಾಗಲಿಲ್ಲ.

ಹಂಸಭಾವಿಯಲ್ಲಿ ನಾವು ಪ್ಲಾಟು ಮಾಡಿದ್ದು ಬಹಳ ತಡವಾಗಿ. ನಮ್ಮೂರು ಹಳ್ಳಿಯೆಂದರೂ ವಿದ್ಯೆಯ ಮಟ್ಟಿಗೆ ಸುತ್ತಲ ಹಳ್ಳಿಗಳಿಗೆ ಪಟ್ಟಣ. ಮೃತ್ಯುಂಜಯ ವಿದ್ಯಾಪೀಠದ ಶಾಲೆ ಕಾಲೇಜುಗಳಿಗೆಂದು ಚಿಕ್ಕೇರೂರು ಕಡೆಯಿಂದ, ಬ್ಯಾಡಗಿ ರಸ್ತೆಯ ಹಳ್ಳಿಗಳಿಂದ ಮಕ್ಕಳು ಬಸ್ಸಿಗೆ ಜೋತು ಬರುತ್ತಾರೆ. ಪರೀಕ್ಷೆಯ ದಿನಗಳಲ್ಲಿ ಸಂಜೆಯ ಬಸ್ಸು ತಪ್ಪಿದರೆ ಗಂಡುಹುಡುಗರು ಯಾರದೋ ಪಡಸಾಲೆಯಲ್ಲಿ ಮಲಗುತ್ತಾರೆ. ಹೆಣ್ಣುಮಕ್ಕಳು ಎಲ್ಲಿ ಹೋಗಬೇಕು? ಬಸ್ಸಿನ ಕಾರಣಕ್ಕೇ ಓದು ಬಿಡಿಸಿದ ಅಪ್ಪಂದಿರನ್ನು ನಾನು ಬಲ್ಲೆ. ಅವರನ್ನು ಬೈಯುವುದು ಸುಲಭ. ಕತ್ತಲಾದ ಮೇಲೆ ಮಗಳು ಬಾರದಿದ್ದರೆ ಬಸ್ ಸ್ಟ್ಯಾಂಡಿನಲ್ಲಿ ನಿಂತು ಕಾಯುವವರ ಮುಖ ನೋಡಿದವರಿಗೆ ಬೈಯಲು ನಾಲಿಗೆ ಬಾರದು.

ಆ ಹೆಣ್ಣುಮಕ್ಕಳು ತಂಗಲೆಂದು ರಸ್ತೆಗೆ ಹತ್ತಿದ ಮೂಲೆ ಪ್ಲಾಟನ್ನು ಕೊಡೋಣ ಎಂದೆ. ತಮ್ಮ ಒಪ್ಪಲಿಲ್ಲ. ಒಳಗೆ ಮೂರನೇ ಸಾಲಿನಲ್ಲಿ ಎರಡು ಪ್ಲಾಟು ಕೊಡೋಣ, ಜಾಗವೂ ಹೆಚ್ಚಾಯಿತು, ಮೂಲೆಯ ದುಡ್ಡೂ ಉಳಿಯಿತು ಎಂದ. ಲೆಕ್ಕದಲ್ಲಿ ಅವನೇ ಸರಿ. ನಾನು ಅವನನ್ನು ಬೆಂಗಳೂರಿಗೆ ಕರೆದುಕೊಂಡು ಹೋದೆ. ಈಗ ದೊಡ್ಡ ಹಳಿ, ಗಾಡಿ ಬೇಗ ಹೋಗುತ್ತದೆ. ಗುಬ್ಬಿಯಲ್ಲಿ ನಿಲ್ಲಲೂ ಇಲ್ಲ. ಮೆಜೆಸ್ಟಿಕ್ಕಿನ ಕೆಳಗೆ ಮೆಟ್ರೊ ಬಂದಿದೆ, ರಸ್ತೆಗೆ ಗುಬ್ಬಿ ತೋಟದಪ್ಪ ರಸ್ತೆ ಎಂದು ಹೆಸರಿದೆ. ಸುತ್ತ ಲಾಡ್ಜು, ಹೋಟೆಲ್ಲು, ಎತ್ತರದ ಬೋರ್ಡುಗಳು. ತಮ್ಮ ನಿಂತು ಸುತ್ತಲೂ ನೋಡಿದ. ಬಾಯಲ್ಲೇ ಗುಣಾಕಾರ ಮಾಡುವುದು ಅವನ ಅಭ್ಯಾಸ. ಈ ಜಾಗಕ್ಕೆ ಇವತ್ತು ಚದರಡಿಗೆ ಏನು ಬೆಲೆ ಎಂದು ಲೆಕ್ಕ ಹಾಕುತ್ತಿದ್ದ. ತುಟಿಗಳು ಅಲುಗಾಡಿ ನಿಂತವು. ಬಹಳ ಹೊತ್ತು ಏನೂ ಮಾತಾಡಲಿಲ್ಲ.

"ಅಪ್ಪ ಎಲ್ಲಿ ಮಲಗಿದ್ದ?" ಎಂದು ಕೇಳಿದ. ತೋರಿಸಿದೆ.

ಮೂಲೆ ಪ್ಲಾಟಿನ ಕೆಳಗೆ ಮೂರು ಅಂಗಡಿ, ಮೇಲೆ ಹೆಣ್ಣುಮಕ್ಕಳಿಗೆ ನಾಲ್ಕು ಖೋಲಿ ಎಂದು ನಕ್ಷೆ ಮಾಡಿದೆವು. ಅಂಗಡಿಯ ಬಾಡಿಗೆಯಲ್ಲಿ ಖೋಲಿಗಳ ಕರೆಂಟು, ನೀರು, ನೋಡಿಕೊಳ್ಳುವ ಹೆಣ್ಣುಮಗಳ ಪಗಾರ ಹೊರಡಬೇಕು. ಯಾರ ಮುಂದೂ ಕೈ ಚಾಚಬಾರದು, ನಾವಿಲ್ಲದಾಗಲೂ. ಈ ಉಪಾಯ ನಮ್ಮದಲ್ಲ. ಕೊಟ್ಟ ಆಸ್ತಿಯೇ ದುಡಿದು ಕೊಟ್ಟವನ ಕೆಲಸ ಮುಂದುವರಿಸಬೇಕು ಎಂಬುದನ್ನು ನಾನು ಮೂರು ವರ್ಷ ಉಂಡು, ಮಲಗಿ ಕಲಿತದ್ದು. ಊರಿನ ಐವರು ಹಿರಿಯರನ್ನು, ಅವರಲ್ಲಿ ಇಬ್ಬರು ನಿವೃತ್ತ ಶಿಕ್ಷಕಿಯರನ್ನು, ಟ್ರಸ್ಟಿಗೆ ಹಾಕಿದೆವು. ನಮ್ಮ ಮನೆಯವರು ಯಾರೂ ಅದರಲ್ಲಿ ಇಲ್ಲ. ಅದನ್ನು ಹಟ ಮಾಡಿ ಹೇಳಿದವನು ತಮ್ಮ.

ಹಿರೇಕೆರೂರಿನಲ್ಲಿ ದಾನಪತ್ರ ನೋಂದಣಿಯ ಹಿಂದಿನ ದಿನ ಸಂಜೆ ಟೇಪು ಹಿಡಿದು ಆ ಜಾಗಕ್ಕೆ ಹೋದೆ. ಅಳೆದದ್ದೇ ಜಾಗ. ಆದರೂ ಕೈ ಕೇಳಲಿಲ್ಲ. ಒಂದು ತುದಿ ತಮ್ಮ ಹಿಡಿದ, ಇನ್ನೊಂದು ನಾನು. ರಸ್ತೆಯ ಕಡೆ ಸರಿಯಾಗಿತ್ತು. ಹಿಂಬದಿಯಲ್ಲಿ, ಇನ್ನೂ ನಮ್ಮದೇ ಆಗಿದ್ದ ಪಕ್ಕದ ಪ್ಲಾಟಿನ ಕಲ್ಲಿನವರೆಗೆ, ಕಾಗದದಲ್ಲಿ ನಲವತ್ತು ಇದ್ದದ್ದು ನೆಲದ ಮೇಲೆ ನಲವತ್ತೊಂದು ಅಡಿ ಬಂತು. ತಮ್ಮ ನನ್ನ ಮುಖ ನೋಡಿದ. ಪಕ್ಕದ ಪ್ಲಾಟಿನ ಕಲ್ಲು ಕಿತ್ತು ಒಂದು ಅಡಿ ಈಚೆ ಹಾಕಿದರೆ ಮುಗಿಯಿತು. ಅವನೇ ಬಗ್ಗಿ ಕಲ್ಲಿನ ಬುಡದ ಮಣ್ಣನ್ನು ಹಿಮ್ಮಡಿಯಿಂದ ತುಳಿದು ಗಟ್ಟಿ ಮಾಡಿದ. ಮಾರನೆಯ ದಿನ ಚಕ್ಕುಬಂದಿಯಲ್ಲಿ ನಲವತ್ತೊಂದು ಎಂದೇ ಬರೆಸಿದೆವು.